ಸುಲಿದು ಒಣಗಿಸಿದ ಹಲ್ಲು

ಹೊಳಲ್ಕೆರೆ
18 ನವೆಂಬರ್ 2024

ಮುದ್ದು ಅಂಜಲಿ,

ನಾಡಿನ ಸಮಸ್ತರಿಗೂ, ವಿಶೇಷವಾಗಿ ಹಿರಿಯೂರಿನಲ್ಲಿ ಹಲ್ಲಿನ ಕ್ಲಿನಿಕ್ ನಡೆಸುವ ನಿನಗೂ, ಈ ಮೂಲಕ ಹರ್ಷದಿಂದ ಪ್ರಕಟಿಸುವುದೇನೆಂದರೆ: ನಮ್ಮ ಮನೆಗೆ ಮಿಕ್ಸಿ ಬಂದಿದೆ. ಕೆಂಪು ಬಣ್ಣದ್ದು. ಮಿಕ್ಸಿಯ ಚಟ್ನಿಯನ್ನು ನಾಯಿಯೂ ಮೂಸುವುದಿಲ್ಲ ಎಂದು ಮದುವೆಯಾದಾಗಿನಿಂದ ಸಾರುತ್ತಿದ್ದ ನಿನ್ನ ಅಪ್ಪನೇ ಅದನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು, ಮದುಮಗಳನ್ನು ಕರೆತಂದ ಹಾಗೆ ತಂದರು.

ನೀನು ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ಬರೆಯುವುದು ತಡವಾಯಿತು, ಬಯ್ಯಬೇಡ. ಮಿಕ್ಸಿ ಬಂದಾಗಿನಿಂದ ರುಬ್ಬುವುದೇ ಆಗಿದೆ. ಪಲ್ಯ, ಹಣ್ಣು, ದೋಸೆ ಯಾವುದಕ್ಕೂ ಬಿಡುಗಡೆಯಿಲ್ಲ. ಮುದ್ದೆ ಒಂದು ಪಾರಾಗಿದೆ, ಅದನ್ನು ಯಾರೂ ಅಗಿಯುವುದಿಲ್ಲವಲ್ಲ. ಇದೆಲ್ಲ ನಿನ್ನ ತಂಗಿ ಪ್ರೀತಿಗಾಗಿ. ಹೋದ ವಾರ ಕಾಲೇಜಿನ ಕಬಡ್ಡಿಯಲ್ಲಿ ಎದುರು ತಂಡದ ಹುಡುಗಿಯ ಮೊಣಕೈ ತಗುಲಿ, ನಮ್ಮವಳ ಮೇಲಿನ ಮುಂದಿನ ಹಲ್ಲೊಂದು ಬೇರು ಸಮೇತ ಉದುರಿತು. ಗಾಬರಿಯಾಗಬೇಡ, ಈಗ ಹಲ್ಲು ಬಾಯಲ್ಲೇ ಇದೆ. ಅದು ನಡುವೆ ಎಲ್ಲೆಲ್ಲಿ ಪ್ರವಾಸ ಮಾಡಿ ಬಂತು ಎಂಬುದನ್ನು ಹೇಳುತ್ತೇನೆ.

ಅವಳು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಬಾಯಿಗೆ ದುಪಟ್ಟಾ ಒತ್ತಿಕೊಂಡು ಮನೆಗೆ ಬಂದಳು. ಜಗಲಿಯಲ್ಲಿ ಸರ್ವಜ್ಞರ ಸಭೆ ನೆರೆದಿತ್ತು. ಅಧ್ಯಕ್ಷರು ನಿನ್ನ ಪಿತಾಶ್ರೀ, ಅಡಿಕೆ ಮಂಡಿಯ ಮಾಲೀಕ ಲಕ್ಷ್ಮೀಕಾಂತ್. ಬಲಕ್ಕೆ ಅವರ ಅಕ್ಕ ಏಕಾಂತಮ್ಮ, ಎಡಕ್ಕೆ ಮಂಡಿಯ ಗುಮಾಸ್ತ ತಿಪ್ಪಯ್ಯ. ನಾನು ಮಗುವನ್ನು ಒಳಗೆ ಕರೆದುಕೊಂಡು ಹೋಗಿ ಬಾಯಿ ತೊಳೆಸಿ, ತುಟಿಗೆ ಐಸ್ ಹಿಡಿದು ಕೂತೆ. ಹಲ್ಲು ಮಾತ್ರ ಸಭೆಯ ವಶವಾಯಿತು.

ಅದನ್ನು ಸೆಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆದರೆ ಹೊಸದು ಬರುತ್ತದೆ ಎಂದು ಏಕಾಂತಮ್ಮನವರ ತೀರ್ಪು. ಅದು ಹಾಲುಹಲ್ಲಿಗೆ ಅತ್ತೆ, ನನಗೆ ಹದಿನೇಳು ಎಂದು ಪ್ರೀತಿ ಒಳಗಿನಿಂದ ತೊದಲಿದಳು. ಎಸೆದು ನೋಡಿದರೆ ಗಂಟೇನು ಹೋಗುತ್ತದೆ ಎಂದರು ಅವರು. ನಮ್ಮದು ಆರ್‌ಸಿಸಿ ಮನೆಯಾಗಿದ್ದು ಹಲ್ಲಿನ ಪುಣ್ಯ. ಹೆಂಚಿಗಾಗಿ ಪಕ್ಕದ ಬೀದಿಗೆ ಹೋಗಬೇಕಿತ್ತು, ಅವರಿಗೆ ಮಂಡಿನೋವು.

ತಿಪ್ಪಯ್ಯ ಹಲ್ಲನ್ನು ಅಂಗೈಯಲ್ಲಿ ಉರುಳಿಸಿ, ಮಾಲು ಚೆನ್ನಾಗೈತೆ, ಸಿಪ್ಪೆ ಮಾತ್ರ ಉಳಕಂಡೈತೆ ಎಂದನಂತೆ. ಅಷ್ಟೇ ಸಾಕಾಯಿತು. ಸಿಪ್ಪೆ ಉಳಿದ ಮಾಲನ್ನು ನಿನ್ನ ಅಪ್ಪ ಜನ್ಮದಲ್ಲಿ ಮುಂದಕ್ಕೆ ಕಳಿಸಿದವರಲ್ಲ. ಬೇರಿಗೆ ಅಂಟಿದ್ದ ತೆಳುಪೊರೆ ಅವರ ಕಣ್ಣಿಗೆ ಹೊಲಸಾಗಿ ಕಂಡಿತು. ಅಡಿಕೆ ಚೂರಿ ತಂದು, ಕನ್ನಡಕ ಹಾಕಿಕೊಂಡು, ಬೇರನ್ನು ಕೆರೆದು ಕೆರೆದು ಬೆಳ್ಳಗೆ ಮಾಡಿದರು. ತೇವವಿದ್ದರೆ ಬೂಸಲು ಹಿಡಿಯುತ್ತದೆಂದು ಆಮೇಲೆ ಬಿಸಿಲಿಗೆ ಗೋಣಿತಾಟಿನ ಮೇಲೆ ಒಣಗಲು ಹಾಕಿದರು. ಕಾಗೆ ಕಾಯಲು ತಿಪ್ಪಯ್ಯ. ನಾನು ಹೊರಗೆ ಬಂದು ನೋಡುವಾಗ ಹಲ್ಲು ಎರಡನೇ ಮಗ್ಗುಲಿಗೆ ಒಣಗುತ್ತಿತ್ತು.

ಇದೇನು ಮಾಡುತ್ತಿದ್ದೀರಿ, ಮೊದಲು ಡಾಕ್ಟರ ಹತ್ತಿರ ಹೋಗಬೇಕಲ್ಲವೇ ಎಂದೆ. "ತಡಿಯೇ. ಹೊಲಸು ಮಾಲು ತಗಂಡೋಗಿ ಡಾಕ್ಟರ ಮುಂದೆ ಇಟ್ರೆ ಲಕ್ಷ್ಮೀಕಾಂತನ ಮರ್ಯಾದಿ ಏನಾಗ್ಬೇಕು?" ಎಂದರು. ಮರ್ಯಾದೆ! ಮಗಳ ಬಾಯಿಂದ ರಕ್ತ ಸೋರುತ್ತಿದೆ, ಇವರಿಗೆ ಗ್ರೇಡಿಂಗಿನ ಚಿಂತೆ.

ತಿಪ್ಪಯ್ಯನ ಫೋನಿನಿಂದ ಅಂಜಲಿಯನ್ನಾದರೂ ಕೇಳೋಣ ಎಂದೆ. ಎರಡು ವರ್ಷದ ಹಿಂದೆ ಮಾರುಕಟ್ಟೆಯ ಆರೋಗ್ಯ ಶಿಬಿರದಲ್ಲಿ ನೀನು ಮೈಕು ಹಿಡಿದು, ಅಡಿಕೆ ಅಗಿದರೆ ಬಾಯಿ ಹಾಳು ಎಂದೆಯಲ್ಲ, ಆಗ ಬಾಯ್ತುಂಬ ಅದನ್ನೇ ತುಂಬಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದ ನಿನ್ನ ಅಪ್ಪನ ಮುಖ ಹೇಗಾಗಿತ್ತೋ ಈಗಲೂ ಹಾಗೆಯೇ ಆಯಿತು. "ಅಡಿಕೆ ದುಡ್ಡಲ್ಲಿ ಓದಿ ಅಡಿಕೇನೇ ವಿಷ ಅಂದೋಳಿಗೆ, ಅಡಿಕೆ ಮನೆ ಹಲ್ಲಿನ ಉಸಾಬರಿ ಯಾಕೆ?" ಎಂದರು ಮಹಾಶಯರು. ನೀನು ಅಂದದ್ದು ನಿಜವೆಂದು ಗೊತ್ತು, ಅದಕ್ಕೇ ಅಷ್ಟು ಉರಿ. ಅಷ್ಟರಲ್ಲಿ ಸುದ್ದಿ ಹಬ್ಬಿ, ಹಲ್ಲಿನ ದರ್ಶನಕ್ಕೆ ಬೀದಿಯೇ ಬಂತು. ಬಂದವರಿಗೆಲ್ಲ ಕಾಫಿ ಬೆರೆಸಿದ್ದು ನಾನು.

ಚಿತ್ರದುರ್ಗ ಮುಟ್ಟುವಾಗ ಸಂಜೆ. ಡಾಕ್ಟರ್ ಪ್ರಭು ಎಂಬ ಸಣ್ಣ ವಯಸ್ಸಿನವರು. ತಲೆಸುತ್ತು, ವಾಂತಿ ಆಯಿತೇ ಎಂದು ಮೊದಲು ಕೇಳಿದರು. ಒಡೆದ ತುಟಿಯೊಳಗೆ ಚೂರು ಸಿಕ್ಕಿದೆಯೇ ಎಂದು ಒತ್ತಿ ನೋಡಿದರು, ಪಕ್ಕದ ಹಲ್ಲುಗಳನ್ನು ಅಲುಗಾಡಿಸಿದರು, ಕಚ್ಚಿಸಿ ನೋಡಿದರು, ಎಕ್ಸ್‌ರೇ ತೆಗೆದರು. ಆಮೇಲೆ, ಹಲ್ಲು ತಂದಿದ್ದೀರಾ ಎಂದರು. ನಿನ್ನ ಅಪ್ಪ ಜೇಬಿನಿಂದ ಪೊಟ್ಟಣ ತೆಗೆದು, ಮುತ್ತಿನ ವ್ಯಾಪಾರಿಯ ಹಾಗೆ ಬಿಚ್ಚಿ ಮೇಜಿನ ಮೇಲಿಟ್ಟರು. ಹೊಗಳಿಕೆಗೆ ಕಾದರು.

"ಇದನ್ನ ಕೆರೆದಿದ್ದು ಯಾರ್ರಿ?" ಎಂದರು ಡಾಕ್ಟರು.

"ನಾನೇ ಸರ್. ನೀಟಾಗಿ ಕ್ಲೀನ್ ಮಾಡೀನಿ."

"ಅದು ಕೊಳೆ ಅಲ್ರಿ ಯಜಮಾನ್ರೇ. ಹಲ್ಲನ್ನ ಎಲುಬಿಗೆ ಹಿಡಿದಿಡೋ ಜೀವ ಇದ್ದಿದ್ದೇ ಆ ಪೊರೇಲಿ. ಬೇರು ಮುಟ್ಟದಂಗೆ ಎತ್ಕಂಡು, ಒಂದು ಲೋಟ ಹಾಲಿಗೆ ಹಾಕಿ ಆಗ್ಲೇ ಓಡಿ ಬಂದಿದ್ರೆ ಸಾಕಿತ್ತು. ಮನೇಲಿ ಹಾಲಿರಲಿಲ್ವಾ?"

ಇತ್ತು. ಬೀದಿಯ ಹೊಟ್ಟೆ ಸೇರಿತ್ತು.

ಆದರೂ ಆ ಪುಣ್ಯಾತ್ಮ ಕೈಬಿಡಲಿಲ್ಲ. ಇಂಜೆಕ್ಷನ್ ಕೊಟ್ಟು, ಗೂಡು ತೊಳೆದು, ಹಲ್ಲನ್ನು ಒಳಗೆ ಕೂರಿಸಿ, ಸಣ್ಣ ತಂತಿಯಿಂದ ಅಕ್ಕಪಕ್ಕದ ಹಲ್ಲುಗಳಿಗೆ ಅಂಟಿಸಿ ಕಟ್ಟಿದರು. ಟಿಟಿ ಹಾಕಿಸಿದರು. ಎರಡು ವಾರ ಮೆತ್ತನೆಯ ಊಟ, ಆಮೇಲೆ ಬೇರಿನ ಚಿಕಿತ್ಸೆ. ಈ ಹಲ್ಲು ಎಲುಬಿಗೇ ಬೆಸೆದುಕೊಂಡು, ಬೇರು ನಿಧಾನವಾಗಿ ಕರಗುತ್ತಾ ಹೋಗುತ್ತದಂತೆ. ಕೆಲವು ವರ್ಷ ನಿಂತರೆ ದೊಡ್ಡದು, ಆಮೇಲೆ ಕಟ್ಟಿಸಿದ ಹಲ್ಲೇ ಗತಿ ಎಂದರು. ಪ್ರೀತಿ ಅಳಲಿಲ್ಲ. ಕನ್ನಡಿ ಕೇಳಿ ತಂತಿ ನೋಡಿಕೊಂಡಳು.

ಮಾರನೆಯ ದಿನ ಮಿಕ್ಸಿ ಬಂತು. ತಪ್ಪಾಯಿತು ಅನ್ನಲು ಗಂಡಸಿಗೆ ಏಳುನೂರೈವತ್ತು ವಾಟ್ಸ್ ಬೇಕು ನೋಡು. ಅಷ್ಟಾದರೂ ಮೊನ್ನೆ ಮಂಡಿಯಲ್ಲಿ, ಡಾಕ್ಟರೇ ಹಲ್ಲು ಎಷ್ಟು ಶುಚಿಯಾಗಿದೆ ಎಂದು ಬೆರಗಾದರು ಅಂತ ಹೇಳಿಕೊಂಡರಂತೆ. ಈ ಜನ್ಮಕ್ಕೆ ಇಷ್ಟೇ.

ಹೊತ್ತಿಗೆ ಸರಿಯಾಗಿ ಉಣ್ಣು. ಊರವರ ಬಾಯಿ ನೋಡುತ್ತಾ ನಿನ್ನ ಬಾಯಿಗೆ ಅನ್ನ ಹಾಕುವುದನ್ನೇ ಮರೆಯಬೇಡ. ನಿನ್ನ ಕೈ ತಣ್ಣಗಿರಲಿ ಮಗಳೇ.

ನಿನ್ನ ಅಮ್ಮ,
ಅನುಸೂಯ

ತಾ.ಕ.: ಅಪ್ಪನನ್ನು ಬಯ್ದು ಬಯ್ದು ಕಾಗದ ಮುಗಿಸಿದೆ, ಒಂದು ಮಾತು ಉಳಿದಿದೆ. ಹಲ್ಲು ಹಿಡಿದುಕೊಂಡು ಆ ಜಗಲಿಗೇ ಯಾಕೆ ಬಂದೆ ಎಂದು ನಿನ್ನೆ ಪ್ರೀತಿಯ ತಲೆ ಬಾಚುವಾಗ ಕೇಳಿದೆ. "ಮೊದ್ಲು ಅಕ್ಕಂಗೇ ಫೋನ್ ಮಾಡಿದ್ದೆ ಅಮ್ಮ, ಗ್ರೌಂಡಿಂದಾನೇ. ರಿಂಗೇ ಆಗ್ಲಿಲ್ಲ" ಎಂದಳು. ಆ ಶಿಬಿರದ ಜಗಳದ ಮೇಲೆ ಮನೆಯ ನಂಬರುಗಳನ್ನೆಲ್ಲ ನೀನು ಬ್ಲಾಕ್ ಮಾಡಿದಾಗ ಅವಳದೂ ಅದರಲ್ಲಿ ಸೇರಿತ್ತೆಂದು ಅವಳಿಗೆ ಮೊದಲೇ ಗೊತ್ತಿತ್ತಂತೆ. ಆದರೂ ಮಾಡಿದ್ದಾಳೆ. ನನಗೂ ಅಪ್ಪನಿಗೂ ಹೇಳಿಲ್ಲ, ನಿನ್ನನ್ನು ಬಯ್ದೇವು ಎಂದು.

ಮುಂದಿನ ವಾರ ತಂತಿ ತೆಗೆಯುತ್ತಾರೆ. ಅವಳಿಗೆ ಏನೇನೋ ಕೇಳಬೇಕಂತೆ, ನನ್ನ ಹತ್ತಿರ ಅಲ್ಲ. ನನ್ನ ಮತ್ತು ಅಪ್ಪನ ನಂಬರು ಹಾಗೇ ಇರಲಿ. ಅವಳದೊಂದನ್ನು ಬಿಡಿಸು.