ಸೆರ್ವಾಗೆ ನಾನು ಏನಾಗಬೇಕು

ಬುಧವಾರ, ಜೂನ್ 11, ಅಕ್ರಾ

ವೀಸಾ ಕಿಟಕಿಯಲ್ಲಿ ನಾನು ಹೇಳಿದ್ದು ನಿಜವೋ ಸುಳ್ಳೋ, ಇನ್ನೂ ತಿಳಿಯುತ್ತಿಲ್ಲ. ಬೆಲ್ಜಿಯಂನಲ್ಲಿರುವ ಸೆರ್ವಾ ನಿಮಗೇನಾಗಬೇಕು ಎಂದು ಆ ಹುಡುಗಿ ಕೇಳಿದಳು. ಮಗಳು ಎಂದೆ.

"ಜನನಪತ್ರದಲ್ಲಿ ತಾಯಿ ಹೆಸರು ಬೇರೆ ಇದೆಯಲ್ಲಮ್ಮ?"

ಹೆತ್ತವಳು ನನ್ನ ಅಕ್ಕ ಕೊನಾಡು, ಬಾಣಂತನದಲ್ಲೇ ಹೋದಳು ಎಂದೆ.

"ಹಾಗಾದ್ರೆ ನೀವು ಆಂಟಿ. ಅರ್ಜೀಲಿ ಅಮ್ಮ ಅಂತ ಯಾಕೆ ಬರೆದ್ರಿ?"

ನಮ್ಮ ಅಶಾಂಟಿ ಕುಲದವರಲ್ಲಿ ಅಕ್ಕನ ಮಕ್ಕಳು ನಮ್ಮ ಮಕ್ಕಳೇ. ಇನ್ನೇನು ಬರೆಯಲಿ? ನೀನೂ ನಮ್ಮವಳೇ, ನಿನಗೆ ಗೊತ್ತಿಲ್ಲವೇ ಎಂದೆ.

"ನಂಗೊತ್ತಮ್ಮ, ಒಳಗೆ ಕೂತಿರೋ ಬಿಳಿಯನಿಗೆ ಗೊತ್ತಾಗಲ್ಲ. ನಾಳೆ ಬಂದು ಸರಿಯಾಗಿ ಹೇಳಿ."

ಸೆರ್ವಾಗೆ ಫೋನ್ ಮಾಡಿದೆ. ಚೊಚ್ಚಲು, ದಿನ ತುಂಬಿವೆ, ಹೆದರಿದ್ದಾಳೆ. "ಆಂಟಿ ಅಂದ್ಬಿಡಮ್ಮ, ನಿನ್ನ ಗಂಟೇನು ಹೋಗತ್ತೆ? ನೀನು ಬರದಿದ್ರೆ ಮಗೂಗೆ ನೀರು ಹಾಕೋರ್ಯಾರು?" ಎಂದು ಅತ್ತಳು.

ಗಂಟೇನೂ ಹೋಗುವುದಿಲ್ಲ. ಅಮ್ಮ ಎಂದರೆ ಇಲ್ಲೇ ಉಳಿಯಬೇಕು, ಆಂಟಿ ಎಂದರೆ ಅವಳ ಹತ್ತಿರ ಹೋಗಬಹುದು. ಇದೆಂಥ ಲೆಕ್ಕವೋ, ನನ್ನ ಮೂರನೇ ಕ್ಲಾಸಿನ ತಲೆಗೆ ಹತ್ತುತ್ತಿಲ್ಲ. ಆಂಟಿ ಎಂದೇ ಹೇಳುತ್ತೇನೆ. ಆದರೆ ಆ ಬಿಳಿಯ, ಹಾಗಾದರೆ ಅವಳ ತಾಯಿ ಎಲ್ಲಿ ಎಂದು ಕೇಳಿದರೆ? ಸತ್ತಳು ಎನ್ನಬೇಕು. ನಾನು ಎದುರಿಗೆ ಜೀವಂತ ನಿಂತು, ಸೆರ್ವಾಗೆ ತಾಯಿಯಿಲ್ಲ ಎಂದು ನನ್ನ ಬಾಯಿಂದಲೇ ಹೇಳಬೇಕು.