ಬೇಕೆಂದೇ ಬಿಟ್ಟುಬಂದ ಫಾಂಟು

ಮಾರ್ಚ್ ೧೪, ಗುರುವಾರ

ನನ್ನ ಪ್ರಿಂಟಿಂಗ್ ಅಂಗಡಿಯ ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಎಲ್ಲ ಫಾಂಟುಗಳನ್ನೂ ಸಾಗಿಸಿದ್ದೆ, ಒಂದನ್ನು ಬಿಟ್ಟು. ಅಕ್ಷರಕ್ಕೊಂದು ಬಾಲ, ಬಾಲಕ್ಕೊಂದು ಸುರುಳಿ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎದುರಂಗಡಿಯ ಟೈಲರ್ ಮಾಸ್ಟರಿಗೆ ಮಾತ್ರ ಬೋರ್ಡು, ಬಿಲ್ಲು, ಚೀಲ ಎಲ್ಲಕ್ಕೂ ಅದೇ ಬೇಕು. ಇನ್ನು ಕೇಳಿದರೆ ‘ಹೊಸದರಲ್ಲಿ ಅದಿಲ್ಲ’ ಎಂದುಬಿಡೋಣ ಅಂದುಕೊಂಡಿದ್ದೆ.

ಇವತ್ತು ಹೊಸ ಬೋರ್ಡಿಗೆಂದು ಬಂದರು. ಅವರ ಹಳೆಯ ಫೈಲು ತೆರೆದೆ. ಫಾಂಟು ಸಿಗದೆ ಅವರ ಹೆಸರು ಬೇರೊಂದು ಅಕ್ಷರದಲ್ಲಿ ನೆಟ್ಟಗೆ, ಸಾದಾ ಆಗಿ ಬಂತು. ನನಗೆ ಒಳಗೊಳಗೇ ಖುಷಿ.

“ನೋಡಿ ಮಾಸ್ಟ್ರೇ, ಎಷ್ಟು ನೀಟಾಗಿದೆ!”

ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿದರು. ಜಗಳಕ್ಕೆ ಬಂದಿದ್ದರೆ ನಾನೂ ಬಿಡುತ್ತಿರಲಿಲ್ಲ.

“ಚೆನ್ನಾಗೇ ಇದೆ ಕಣಮ್ಮಾ. ಆದ್ರೆ ಹೆಸರು ನಂದು, ಅಂಗಡಿ ಇನ್ಯಾರದೋ ಅನ್ನಿಸ್ತಿದೆ. ಇರ್ಲಿ ಬಿಡು, ನಿಂಗೆ ಗೊತ್ತಿರತ್ತೆ” ಎಂದು ಎದ್ದು ಹೋದರು.

ಆ ‘ಇರ್ಲಿ ಬಿಡು’ ಸಂಜೆಯವರೆಗೂ ಕಿವಿಯಲ್ಲೇ ಕೂತಿತ್ತು. ಊಟವಾದ ಮೇಲೆ ಹಳೆಯ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಆ ಒಂದು ಫಾಂಟನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಈಗ ಹೊಸದರ ಪರದೆಯ ಮೇಲೆ ಅವರ ಹೆಸರು ಬಾಲ, ಸುರುಳಿ ಸಮೇತ ಕುಳಿತಿದೆ. ನೋಡಿದ ಕೂಡಲೇ ಅವರ ಅಂಗಡಿಯೆಂದು ಗೊತ್ತಾಗುತ್ತದೆ.

ಚೆನ್ನಾಗಿದೆ ಎಂದು ಮಾತ್ರ ಇಲ್ಲಿಯೂ ಬರೆಯುವುದಿಲ್ಲ.