ಹನ್ನೆರಡು ಪಾಯಿಂಟ್ ನಾಲ್ಕು ನಾಲ್ಕು ಆರು

ಜೂನ್ 3, ಸಂಜೆ
ಅಂಗಡಿ ಬಾಗಿಲು ಎಳೆದು ಕೂತಿದ್ದೇನೆ. ಇಲ್ಲಿಯವರೆಗಿನ ಖರ್ಚು: ಓಡುವ ಶೂ ಎರಡು ಜೊತೆ, ಕೋಚ್ ಫೀಸು, ಮನೆಮಂದಿಯ ಒಂದು ವರ್ಷದ ಬೆಳಗಿನ ನಿದ್ದೆ. ಆದಾಯ... ಆಯ್ಕೆ ಪಟ್ಟಿಯಲ್ಲಿ ಮಗಳ ಹೆಸರಿಲ್ಲ.
ಕ್ರೀಡಾಶಾಲೆಗೆ ಸೇರಲು ನೂರು ಮೀಟರನ್ನು 12.4 ಸೆಕೆಂಡಿನಲ್ಲಿ ಓಡಬೇಕು. ಒಂದು ದಶಮಾಂಶಕ್ಕೆ ರೌಂಡ್ ಮಾಡುತ್ತಾರೆ. ಯಂತ್ರ ತೋರಿಸಿದ್ದು 12.446. ಸಮಯದ ಪಟ್ಟಿಯಲ್ಲಿ 12.5! ಮೊಳೆ ತೂಗಿ ಬದುಕು ಕಟ್ಟಿದವನು ನಾನು. ನನಗೇ ತಲೆ ತಿರುಗಿತು.

ಜೂನ್ 5
ಎಲ್ಲಿ ಎಡವಿದರೆಂದು ತಿಳಿಯಿತು. ಕೋಚ್ ಎರಡು ಸ್ಥಾನಕ್ಕೆ ರೌಂಡ್ ಮಾಡಿ 12.45 ಎಂದು ಕಳಿಸಿದ್ದಾರೆ. ಕಚೇರಿಯ ಗುಮಾಸ್ತರು ಅದನ್ನೇ ಮತ್ತೆ ರೌಂಡ್ ಮಾಡಿ 12.5 ಮಾಡಿದರು. ಬಿಡಿಬಿಡಿಯಾಗಿ ನೋಡಿದರೆ ಇಬ್ಬರದೂ ಸರಿ. ಮೂಲ ಅಂಕಿಯಿಂದ ನೇರವಾಗಿ ಮಾಡಿದ್ದರೆ ಎರಡನೆಯ ಸ್ಥಾನದಲ್ಲಿ ನಾಲ್ಕು, ಐದಕ್ಕಿಂತ ಕಡಿಮೆ — ಬಾಲ ಕತ್ತರಿಸಿ 12.4.
ಗುಮಾಸ್ತರು ಒಪ್ಪಿದರು. ಒಳ್ಳೆಯ ಮನುಷ್ಯ.
“ಪಟ್ಟಿ ತಿದ್ದೋಕೆ ಮೇಲಿನವ್ರನ್ನ ಕೇಳ್ಬೇಕು, ಯಜಮಾನ್ರೇ. ಒಂದು ಸೀಟು ಉಳ್ದಿದೆ, ಅದಕ್ಕೆ ಸೋಮವಾರ ಮರು ಓಟ ಇದೆ. ಮಗೂನ ಕಳ್ಸಿಬಿಡಿ.”
ಒಪ್ಪಲಿಲ್ಲ. ಗೆದ್ದ ಓಟವನ್ನು ಮತ್ತೆ ಯಾಕೆ ಓಡಬೇಕು? ಲೆಕ್ಕ ತಿದ್ದಿ ಅಂದೆ.
ಬಸ್ಸಿನಲ್ಲಿ ಮಗಳು: “ಓಡ್ತೀನಪ್ಪ. ಹನ್ನೆರಡು ಸೆಕೆಂಡಿನ ಕೆಲ್ಸ.”
“ಸುಮ್ನಿರು. ವ್ಯವಹಾರ ನಿಂಗೆ ಗೊತ್ತಾಗಲ್ಲ.”

ಜೂನ್ 8, ಸೋಮವಾರ
ಬೆಳಿಗ್ಗೆ ಶೂ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ನಾನು ತಕರಾರು ಅರ್ಜಿ ಬರೆಯುತ್ತಿದ್ದೆ. ಇವಳಮ್ಮ ಎರಡು ಸಲ ಬಂದು ನನ್ನ ಮುಖ ನೋಡಿ ಹೋದಳು. ಓಟದ ಹೊತ್ತು ಮೀರಿದ ಮೇಲೆ ಮಗಳು ತಾನೇ ಲೇಸು ಬಿಚ್ಚಿದಳು.

ಜುಲೈ 17
ಉತ್ತರ ಬಂತು. ನನ್ನ ಲೆಕ್ಕ ಸರಿ, ಆಕೆಯ ಸಮಯ 12.4 ಎಂದು ಒಪ್ಪಿದ್ದಾರೆ. ಆದರೆ ಉಳಿದಿದ್ದ ಸೀಟು ಮರು ಓಟದಲ್ಲಿ ಭರ್ತಿಯಾಗಿದೆಯಂತೆ. ಇನ್ನು ಮೇಲೆ ಮೂಲ ಅಂಕಿಯಿಂದಲೇ ರೌಂಡ್ ಮಾಡುತ್ತಾರಂತೆ.
ಮೊದಲ ಸಾಲನ್ನು ಮಾತ್ರ ಗಟ್ಟಿಯಾಗಿ ಓದಿದೆ. ಮಗಳು ಪಾತ್ರೆ ತೊಳೆಯುತ್ತಿದ್ದಳು. ತಿರುಗಿ ನೋಡಲಿಲ್ಲ.
“ಗೆದ್ಯಲ್ಲ, ಬಿಡಪ್ಪ.”

ಜುಲೈ 20
ಮೈದಾನಕ್ಕೆ ಹೋಗುತ್ತಿಲ್ಲ. ಹೊತ್ತೇರಿದರೂ ಮಲಗಿರುತ್ತಾಳೆ. ಎಬ್ಬಿಸಲು ನನಗೆ ಬಾಯಿಲ್ಲ.
ಯಾರಿಗೆ ಏನು ಸಿಕ್ಕಿತು, ಬರೆದಿಡುತ್ತೇನೆ. ಸೀಟು — ಸೋಮವಾರ ಓಡಿದ ಒಂದು ಹುಡುಗಿಗೆ. ಕಚೇರಿಗೆ — ತಪ್ಪಿಲ್ಲದ ನಿಯಮ. ನನಗೆ — ಸಹಿ ಹಾಕಿದ ಒಂದು ಕಾಗದ. ಮುಂದಿನ ವರ್ಷದ ಮಕ್ಕಳಿಗೆ — ಸರಿಯಾದ ಲೆಕ್ಕ. ಅಷ್ಟು ಹೊತ್ತಿಗೆ ಇವಳಿಗೆ ಸೇರುವ ವಯಸ್ಸು ಮೀರಿರುತ್ತದೆ.